ಸಂತ ಜೆರೋಮ್: ‘ಚಿಕ್ಕವನು’ ಎಂಬ ಒಂದು ಪದ, ಒಂದು ಜೀವಮಾನ

ಸೆಪ್ಟೆಂಬರ್ 30ರಂದು ಧರ್ಮಸಭೆಯು ಸಂತ ಜೆರೋಮರ ಸ್ಮರಣೆಯನ್ನು ಆಚರಿಸುತ್ತದೆ. ಪವಿತ್ರ ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಮಹಾನ್ ವಿದ್ವಾಂಸರೆಂದು ಅವರನ್ನು ನಾವೆಲ್ಲ ಬಲ್ಲೆವು. ಕೈಯಲ್ಲಿ ಲೇಖನಿ, ಮೇಜಿನ ಮೇಲೆ ತಲೆಬುರುಡೆ, ಕಾಲ ಬಳಿ ಸಿಂಹ ಇರುವ ಅವರ ಚಿತ್ರವನ್ನೂ ನೋಡಿದ್ದೇವೆ. ಆದರೆ ಒಂದೊಂದು ಪದವನ್ನು ಹಿಡಿದು ಅವರು ಎಷ್ಟು ಶ್ರಮಪಟ್ಟರು, ಆ ಪದಗಳು ಅವರ ಸ್ವಂತ ಬಾಳನ್ನು ಹೇಗೆ ಪರೀಕ್ಷಿಸಿದವು ಎಂಬುದನ್ನು ನಾವು ಹೆಚ್ಚಾಗಿ ಯೋಚಿಸಿಲ್ಲ. ಅಂಥ ಒಂದು ಪುಟ್ಟ ಪದದ ಮೂಲಕ ಅವರ ಜೀವನವನ್ನು ಇಲ್ಲಿ ಸ್ಮರಿಸೋಣ.

ಆ ಪದ ಗ್ರೀಕ್ ಭಾಷೆಯ ‘ಮಿಕ್ರೊತೆರೊಸ್’. ‘ಮಿಕ್ರೊಸ್’ ಎಂದರೆ ಚಿಕ್ಕ. ‘ಮಿಕ್ರೊತೆರೊಸ್’ ಎಂದರೆ ಹೆಚ್ಚು ಚಿಕ್ಕ, ಅಂದರೆ ಇನ್ನೊಬ್ಬರಿಗಿಂತ ಚಿಕ್ಕ. ಸಂತ ಮತ್ತಾಯರ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಈ ಪದ ಬರುತ್ತದೆ. ಸೆರೆಮನೆಯಲ್ಲಿದ್ದ ಸ್ನಾನಿಕ ಯೊವಾನ್ನರನ್ನು ಕುರಿತು ಯೇಸುಸ್ವಾಮಿ ಜನರ ಮುಂದೆ ಮಾತನಾಡುತ್ತಾರೆ. ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಯೊವಾನ್ನರಿಗಿಂತ ದೊಡ್ಡವರು ಯಾರೂ ಇಲ್ಲ ಎಂದು ಹೊಗಳುತ್ತಾರೆ. ಆದರೆ ಮರುಕ್ಷಣವೇ, ಸ್ವರ್ಗಸಾಮ್ರಾಜ್ಯದಲ್ಲಿ ‘ಮಿಕ್ರೊತೆರೊಸ್’ ಆದವನು ಯೊವಾನ್ನರಿಗಿಂತಲೂ ದೊಡ್ಡವನು ಎನ್ನುತ್ತಾರೆ. ಆಗಮನ ಕಾಲದಲ್ಲಿ ನಾವು ಈ ವಾಚನವನ್ನು ಕೇಳುತ್ತೇವೆ. ಯಾರು ಆ ಚಿಕ್ಕವನು? ಯಾರಿಗಿಂತ ಚಿಕ್ಕವನು? ಈ ಪ್ರಶ್ನೆ ಜೆರೋಮರ ಕಾಲದಲ್ಲೇ ಧರ್ಮಸಭೆಯ ಪಂಡಿತರನ್ನು ಕಾಡಿತ್ತು.

ವ್ಯಾಕರಣ ಕಲಿತ ಹುಡುಗ

ಜೆರೋಮರು ಸುಮಾರು 347ರಲ್ಲಿ, ದಲ್ಮಾತ್ಸಿಯ ಮತ್ತು ಪನ್ನೋನಿಯ ಪ್ರಾಂತ್ಯಗಳ ಗಡಿಯಲ್ಲಿದ್ದ ಸ್ತ್ರಿದೋನ್ ಎಂಬ ಊರಿನಲ್ಲಿ, ಅನುಕೂಲಸ್ಥ ಕ್ರೈಸ್ತ ಕುಟುಂಬದಲ್ಲಿ ಜನಿಸಿದರು. ಆ ಊರು ಎಲ್ಲಿತ್ತೆಂದು ಇಂದು ಖಚಿತವಾಗಿ ಗುರುತಿಸಲಾಗಿಲ್ಲ. ಹುಡುಗನಾಗಿದ್ದಾಗಲೇ ಅವರನ್ನು ವಿದ್ಯಾಭ್ಯಾಸಕ್ಕೆ ರೋಮ್ ನಗರಕ್ಕೆ ಕಳುಹಿಸಲಾಯಿತು. ಅಲ್ಲಿ ಅವರ ಗುರು ದೊನಾತುಸ್ ಎಂಬ ಪ್ರಖ್ಯಾತ ವ್ಯಾಕರಣ ಪಂಡಿತ. ಈತ ಬರೆದ ವ್ಯಾಕರಣದ ಪುಸ್ತಕವನ್ನು ಮುಂದೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಮಕ್ಕಳು ಕಲಿತರು. ಪ್ರಶ್ನೋತ್ತರದ ರೂಪದಲ್ಲಿದ್ದ ಆ ಪುಸ್ತಕದ ಆರಂಭದಲ್ಲೇ, ಹೋಲಿಕೆಗೆ ಮೂರು ಮೆಟ್ಟಿಲುಗಳಿವೆ ಎಂಬ ಪಾಠ ಬರುತ್ತದೆ: ಪಂಡಿತ, ಇನ್ನೊಬ್ಬನಿಗಿಂತ ಹೆಚ್ಚು ಪಂಡಿತ, ಎಲ್ಲರಿಗಿಂತ ಹೆಚ್ಚು ಪಂಡಿತ. ಜೆರೋಮರು ಈ ಮೆಟ್ಟಿಲುಗಳನ್ನು ಚೆನ್ನಾಗಿ ಕಲಿತರು. ವಿದ್ಯೆಯಲ್ಲಿ ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ನಿಲ್ಲುವ ಆಸೆಯೂ ಅವರಲ್ಲಿ ಬಲವಾಗಿತ್ತು.

ರೋಮಿನಲ್ಲೇ ದೀಕ್ಷಾಸ್ನಾನ ಪಡೆದು, ಕೆಲವು ವರ್ಷ ಟ್ರಿಯರ್ ಮತ್ತು ಅಕ್ವಿಲೇಯ ನಗರಗಳಲ್ಲಿದ್ದು, ಬಳಿಕ ಅವರು ಪೂರ್ವ ದೇಶಗಳಿಗೆ ಹೊರಟರು. ಅಂತಿಯೋಕ್ಯದಲ್ಲಿ ಕಾಯಿಲೆ ಬಿದ್ದಾಗ ಒಂದು ಕನಸು ಕಂಡರು. ಅದರಲ್ಲಿ ಅವರು ನ್ಯಾಯಾಧಿಪತಿಯಾದ ಪ್ರಭುವಿನ ಮುಂದೆ ನಿಂತಿದ್ದರು. ತಾನು ಕ್ರೈಸ್ತನೆಂದು ಹೇಳಿಕೊಂಡಾಗ, ಇಲ್ಲ, ನೀನು ವಾಗ್ಮಿ ಸಿಸೆರೋನ ಶಿಷ್ಯ ಎಂಬ ತೀರ್ಪು ಬಂದು ಚಾಟಿಯೇಟು ಬಿತ್ತು. ಈ ಕನಸನ್ನು ಅವರೇ ಮುಂದೆ ಪತ್ರವೊಂದರಲ್ಲಿ ಬರೆದಿದ್ದಾರೆ. ಆ ಬಳಿಕ ಅವರು ಖಲ್ಕಿಸ್ ಮರುಭೂಮಿಯಲ್ಲಿ ತಪಸ್ಸಿಗೆ ಕುಳಿತು, ಕ್ರೈಸ್ತನಾಗಿದ್ದ ಯೆಹೂದ್ಯನೊಬ್ಬನಿಂದ ಹೀಬ್ರೂ ಕಲಿಯತೊಡಗಿದರು. ಲ್ಯಾಟಿನ್ ಪಂಡಿತನಾಗಿದ್ದವನು ಮತ್ತೆ ಅಕ್ಷರಮಾಲೆ ಒಪ್ಪಿಸುವ ಮಗುವಾಗಬೇಕಾಯಿತು. ಎಷ್ಟೋ ಸಲ ಬೇಸತ್ತು ಬಿಟ್ಟು, ಮತ್ತೆ ಹಿಡಿದು ಕಲಿತರು. ಮುಂದೆ ಅಂತಿಯೋಕ್ಯದಲ್ಲಿ ಗುರುದೀಕ್ಷೆ ಪಡೆದು, ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಾಜಿಯಾಂಜಿನ ಸಂತ ಗ್ರೆಗೊರಿಯವರ ಪಾದಮೂಲದಲ್ಲಿ ಶ್ರೀಗ್ರಂಥವನ್ನು ಅಭ್ಯಸಿಸಿದರು.

ರೋಮಿನ ಕೆಲಸ

382ರಲ್ಲಿ ಜೆರೋಮರು ರೋಮಿಗೆ ಮರಳಿದರು. ಪೋಪ್ ದಮಾಸುಸ್ ಅವರನ್ನು ತಮ್ಮ ಕಾರ್ಯಗಳಿಗೆ ನೆರವಾಗಿ ಇಟ್ಟುಕೊಂಡರು. ಅಂದು ಲ್ಯಾಟಿನ್ ಶುಭಸಂದೇಶಗಳ ಸ್ಥಿತಿ ಚೆನ್ನಾಗಿರಲಿಲ್ಲ. ಊರಿಗೊಂದು ಪ್ರತಿ, ಪ್ರತಿಗೊಂದು ಪಾಠ. ನಾಲ್ಕು ಶುಭಸಂದೇಶಗಳನ್ನು ಮೂಲ ಗ್ರೀಕಿಗೆ ಹೋಲಿಸಿ ತಿದ್ದುವ ಭಾರವನ್ನು ಪೋಪರು ಜೆರೋಮರಿಗೆ ಒಪ್ಪಿಸಿದರು. ಸುಮಾರು 384ರಲ್ಲಿ ಆ ಕೆಲಸ ಮುಗಿಯಿತು. ಜನರು ಬಾಲ್ಯದಿಂದ ಕೇಳಿದ ಮಾತುಗಳನ್ನು ಬದಲಿಸಿದರೆ ತಮ್ಮನ್ನು ದೂಷಿಸುತ್ತಾರೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಅರ್ಥ ಕೆಡುವ ಕಡೆ ಮಾತ್ರ ತಿದ್ದಿ, ಉಳಿದದ್ದನ್ನು ಇದ್ದಂತೆಯೇ ಬಿಟ್ಟುದಾಗಿ ಮುನ್ನುಡಿಯಲ್ಲಿ ತಿಳಿಸಿದ್ದಾರೆ.

ಈ ಕೆಲಸದಲ್ಲಿ ಗ್ರೀಕಿನ ಹೋಲಿಕೆಯ ಪದಗಳು ಅವರ ಮುಂದೆ ಬಂದವು. ಅವುಗಳ ತೊಡಕು ಏನೆಂದು ಸ್ವಲ್ಪ ವಿವರಿಸಬೇಕು. ಹಳೆಯ ಗ್ರೀಕಿನಲ್ಲಿ ಲ್ಯಾಟಿನಿನಂತೆಯೇ ಮೂರು ಮೆಟ್ಟಿಲುಗಳಿದ್ದವು. ಆದರೆ ಹೊಸ ಒಡಂಬಡಿಕೆ ಬರೆಯಲ್ಪಟ್ಟದ್ದು ‘ಕೊಯಿನೆ’ ಎಂಬ ಸಾಮಾನ್ಯ ಜನರ ಗ್ರೀಕಿನಲ್ಲಿ. ಅದರಲ್ಲಿ ಮೂರನೆಯ ಮೆಟ್ಟಿಲು ಸವೆದುಹೋಗುತ್ತಿತ್ತು. ಎರಡನೆಯ ಮೆಟ್ಟಿಲಿನ ರೂಪವೇ ಎರಡೂ ಕೆಲಸ ಮಾಡುತ್ತಿತ್ತು. ಸ್ವರ್ಗಸಾಮ್ರಾಜ್ಯದಲ್ಲಿ ದೊಡ್ಡವನು ಯಾರೆಂದು ಶಿಷ್ಯರು ಕೇಳುವಾಗ ಮತ್ತಾಯರು ಬಳಸುವ ಪದ ‘ಮೆಯ್ಜೋನ್’. ರೂಪ ನೋಡಿದರೆ ಇನ್ನೊಬ್ಬನಿಗಿಂತ ದೊಡ್ಡವನು. ಸಂದರ್ಭ ನೋಡಿದರೆ ಎಲ್ಲರಿಗಿಂತ ದೊಡ್ಡವನು.

ನಮ್ಮ ಕನ್ನಡದವರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಕನ್ನಡದಲ್ಲಿ ಇಂಥ ಮೆಟ್ಟಿಲುಗಳೇ ಇಲ್ಲ. ‘ಗಿಂತ’ ಸೇರಿಸಿ ಕೆಲಸ ಸಾಗಿಸುತ್ತೇವೆ. ಮನೆಯ ಮೂವರು ಮಕ್ಕಳಲ್ಲಿ ಚಿಕ್ಕವನು ಯಾರು ಎಂದು ಕೇಳಿದರೆ, ಎಲ್ಲರಿಗಿಂತ ಚಿಕ್ಕವನ ಬಗ್ಗೆ ಕೇಳುತ್ತಿದ್ದಾರೆಂದು ಎಲ್ಲರಿಗೂ ತಿಳಿಯುತ್ತದೆ. ಸಂಸ್ಕೃತದ ‘ತರ’ ಪ್ರತ್ಯಯ ಗ್ರೀಕಿನ ‘ತೆರೊಸ್’ ಪ್ರತ್ಯಯದ ಬಂಧುವೇ. ಗುರುತರವಾದ ಜವಾಬ್ದಾರಿ ಎಂದು ನಾವು ಹೇಳುವಾಗ ಯಾವುದಕ್ಕಿಂತ ಗುರು ಎಂದು ಯಾರೂ ಕೇಳುವುದಿಲ್ಲ. ಅಲ್ಲದೆ ಚಿಕ್ಕವನು ಎಂದರೆ ನಮ್ಮಲ್ಲಿ ಗಾತ್ರದಲ್ಲಿ ಸಣ್ಣವನು, ವಯಸ್ಸಿನಲ್ಲಿ ಕಿರಿಯವನು, ಅಂತಸ್ತಿನಲ್ಲಿ ಕೆಳಗಿನವನು, ಈ ಮೂರೂ ಆಗಬಹುದು. ‘ಮಿಕ್ರೊತೆರೊಸ್’ ಕೂಡ ಹಾಗೆಯೇ.

ಜೆರೋಮರು ತಿದ್ದಿದ ಶುಭಸಂದೇಶಗಳಲ್ಲಿ ಈ ತೊಡಕಿನ ಗುರುತು ಇಂದಿಗೂ ಕಾಣುತ್ತದೆ. ಸಾಸಿವೆ ಕಾಳಿನ ಸಾಮತಿಯಲ್ಲಿ ಮತ್ತಾಯರೂ ಮಾರ್ಕರೂ ಒಂದೇ ಗ್ರೀಕ್ ಪದವನ್ನು ಬಳಸಿದ್ದಾರೆ. ಲ್ಯಾಟಿನಿನಲ್ಲಿ ಮಾತ್ರ ಮತ್ತಾಯರಲ್ಲಿ ಅದು ‘ಮಿನಿಮುಮ್’, ಅಂದರೆ ಎಲ್ಲಕ್ಕಿಂತ ಚಿಕ್ಕದು. ಮಾರ್ಕರಲ್ಲಿ ‘ಮಿನುಸ್’, ಅಂದರೆ ಹೆಚ್ಚು ಚಿಕ್ಕದು. ಸ್ನಾನಿಕ ಯೊವಾನ್ನರ ಪ್ರಸಂಗದಲ್ಲಿ ಇರುವ ಪದ ‘ಮಿನೊರ್’, ಇನ್ನೊಬ್ಬನಿಗಿಂತ ಚಿಕ್ಕವನು. ನಾವು ಮೈನರ್ ಸೆಮಿನರಿ ಎನ್ನುವಾಗ ಬಳಸುವುದು ಇದೇ ಪದ. ಸಂತ ಫ್ರಾನ್ಸಿಸರು ತಮ್ಮ ಸಹೋದರರಿಗೆ ಇಟ್ಟ ಹೆಸರಿನಲ್ಲಿಯೂ, ಅವರ ಪರಂಪರೆಯ ಕಪುಚಿನ್ ಗುರುಗಳ ಸಭೆಯ ಪೂರ್ಣ ಹೆಸರಿನಲ್ಲಿಯೂ ಇರುವುದು ಇದೇ.

ಚಿಕ್ಕ ಯಾಕೋಬರ ವಾದ

ರೋಮಿನಲ್ಲಿದ್ದಾಗಲೇ, ಸುಮಾರು 383ರಲ್ಲಿ, ಈ ಪದ ಒಂದು ದೊಡ್ಡ ವಾದದಲ್ಲಿ ಬಂತು. ಮಾತೆ ಮರಿಯಮ್ಮನವರಿಗೆ ಯೇಸುವಿನ ನಂತರ ಬೇರೆ ಮಕ್ಕಳೂ ಇದ್ದರೆಂದು ಹೆಲ್ವಿದಿಯುಸ್ ಎಂಬಾತ ಬರೆದಿದ್ದ. ಜೆರೋಮರು ಅದಕ್ಕೆ ಖಾರವಾದ ಉತ್ತರ ಬರೆದರು. ಶುಭಸಂದೇಶದಲ್ಲಿ ಪ್ರಭುವಿನ ಸಹೋದರರೆಂದು ಬರುವವರು ಬಂಧುಗಳು, ಒಡಹುಟ್ಟಿದವರಲ್ಲ ಎಂಬುದು ಅವರ ವಾದ. ಸಂತ ಮಾರ್ಕರು ಶಿಲುಬೆಯ ಬಳಿಯಿದ್ದ ಸ್ತ್ರೀಯರನ್ನು ಹೆಸರಿಸುವಾಗ ಒಬ್ಬ ಯಾಕೋಬರನ್ನು ಲ್ಯಾಟಿನಿನಲ್ಲಿ ‘ಮಿನೊರ್’ ಎಂದು ಕರೆಯಲಾಗಿದೆ. ದೊಡ್ಡವನು, ಚಿಕ್ಕವನು ಎಂಬ ಭೇದ ಮಾಡುವುದು ಇಬ್ಬರ ನಡುವೆಯೇ ಹೊರತು ಮೂವರ ನಡುವೆ ಅಲ್ಲ. ಹಾಗಾಗಿ ಯಾಕೋಬರು ಇಬ್ಬರೇ, ಒಬ್ಬರು ಜೆಬೆದಾಯರ ಮಗ, ಇನ್ನೊಬ್ಬರು ಅಲ್ಫಾಯರ ಮಗ ಎಂದು ಅವರು ತರ್ಕಿಸಿದರು. ದೊನಾತುಸ್‌ನ ಶಾಲೆಯ ವಿದ್ಯಾರ್ಥಿಯ ಜಾಣತನ ಇಲ್ಲಿ ಎದ್ದು ಕಾಣುತ್ತದೆ.

ಆದರೆ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿ ಇರುವುದು ‘ಮಿಕ್ರೊತೆರೊಸ್’ ಅಲ್ಲ, ಬರೇ ‘ಮಿಕ್ರೊಸ್’. ಅಂದರೆ ಚಿಕ್ಕ ಯಾಕೋಬ. ಅಲ್ಲಿ ಹೋಲಿಕೆಯೇ ಇಲ್ಲ. ನಮ್ಮ ಮನೆಗಳಲ್ಲಿ ಚಿಕ್ಕಪ್ಪ, ದೊಡ್ಡಪ್ಪ ಎನ್ನುವಂತೆ ಅದು ಗುರುತಿನ ಹೆಸರು. ಆಳ್ತನದಲ್ಲಿ ಕುಳ್ಳಗಿದ್ದರೋ, ವಯಸ್ಸಿನಲ್ಲಿ ಕಿರಿಯರಾಗಿದ್ದರೋ ಪದದಿಂದ ತಿಳಿಯದು. ಮಾತೆ ಮರಿಯಮ್ಮನವರ ನಿತ್ಯ ಕನ್ಯತ್ವದ ವಿಶ್ವಾಸ ಜೆರೋಮರಿಗಿಂತ ಹಿಂದಿನಿಂದಲೂ ಇದ್ದುದು; ಅದು ಈ ಒಂದು ಪ್ರತ್ಯಯದ ಮೇಲೆ ನಿಂತಿಲ್ಲ. ಜೆರೋಮರ ಬೇರೆ ಆಧಾರಗಳು ಹಾಗೆಯೇ ಉಳಿದಿವೆ. ಆದರೂ ಅನುವಾದದ ಪದವನ್ನು ಮೂಲದ ಪದವೆಂದು ಭಾವಿಸಿ ವಾದ ಕಟ್ಟಿದರೆ ಎಂಥ ಪಂಡಿತನಿಗೂ ಕಾಲು ಜಾರಬಹುದೆಂದು ಇದು ತೋರಿಸುತ್ತದೆ.

ಬೆತ್ಲೆಹೇಮಿನ ವಿದ್ವಾಂಸ

384ರ ಡಿಸೆಂಬರಿನಲ್ಲಿ ಪೋಪ್ ದಮಾಸುಸ್ ತೀರಿಕೊಂಡರು. ಜೆರೋಮರ ಚೂಪು ನಾಲಗೆಯಿಂದ ನೊಂದವರು ರೋಮಿನಲ್ಲಿ ಬಹಳ ಮಂದಿ ಇದ್ದರು. ವಿಧವೆಯಾದ ಶ್ರೀಮಂತ ಮಹಿಳೆ ಸಂತ ಪೌಲಾ ಮತ್ತು ಅವರ ಮಗಳು ಸಂತ ಯೂಸ್ತೋಕಿಯುಮ್ ಅವರಿಗೆ ಜೆರೋಮರು ಶ್ರೀಗ್ರಂಥ ಕಲಿಸುತ್ತಿದ್ದುದನ್ನೂ ಜನ ಆಡಿಕೊಂಡರು. 385ರಲ್ಲಿ ಅವರು ರೋಮನ್ನು ಬಿಟ್ಟರು. ಪೌಲಾ ಮತ್ತು ಯೂಸ್ತೋಕಿಯುಮ್ ಕೂಡ ಪೂರ್ವಕ್ಕೆ ಬಂದರು. ಪವಿತ್ರ ನಾಡು ಮತ್ತು ಈಜಿಪ್ಟನ್ನು ಸುತ್ತಿ, 386ರಲ್ಲಿ ಎಲ್ಲರೂ ಬೆತ್ಲೆಹೇಮಿನಲ್ಲಿ ನೆಲೆಸಿದರು. ಪೌಲಾರ ಹಣದಿಂದ ಸನ್ಯಾಸಿಗಳಿಗೆ ಮಠ, ಭಗಿನಿಯರಿಗೆ ಮಠ, ಯಾತ್ರಿಕರಿಗೆ ವಸತಿಗೃಹ ನಿರ್ಮಾಣವಾದವು.

ಅಲ್ಲಿ ಜೆರೋಮರು ಸುಮಾರು 390ರಿಂದ 405ರವರೆಗೆ ಹಳೆಯ ಒಡಂಬಡಿಕೆಯ ಗ್ರಂಥಗಳನ್ನು ಹೀಬ್ರೂ ಮೂಲದಿಂದ ಲ್ಯಾಟಿನಿಗೆ ತಂದರು. ಪೌಲಾ ಹೀಬ್ರೂ ಕಲಿತು ಕೀರ್ತನೆಗಳನ್ನು ಮೂಲ ಭಾಷೆಯಲ್ಲೇ ಹಾಡುತ್ತಿದ್ದರು. ತಮ್ಮ ಗ್ರಂಥಗಳನ್ನು ಹೆಂಗಸರಿಗೆ ಅರ್ಪಿಸುತ್ತಾರೆಂದು ಕೆಲವರು ಜೆರೋಮರನ್ನು ಗೇಲಿ ಮಾಡಿದರು. ಅವರು ದೆಬೋರಾ, ಹುಲ್ದಾ ಮೊದಲಾದ ಪ್ರವಾದಿನಿಯರನ್ನು ನೆನಪಿಸಿ, ಪುನರುತ್ಥಾನರಾದ ಪ್ರಭು ಮೊದಲು ಕಾಣಿಸಿಕೊಂಡದ್ದು ಸ್ತ್ರೀಯರಿಗೆ ಎಂದು ಉತ್ತರಿಸಿದರು. ಸಮಾಜ ಚಿಕ್ಕವರೆಂದು ಎಣಿಸಿದವರು ಅವರಿಗೆ ಒಳ್ಳೆಯ ವಿದ್ಯಾರ್ಥಿಗಳಾಗಿದ್ದರು.

398ರಲ್ಲಿ ಮೂರು ತಿಂಗಳ ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಜೆರೋಮರು, ಇಟಲಿಗೆ ಹಡಗು ಹತ್ತಲಿದ್ದ ಮಿತ್ರರೊಬ್ಬರ ಒತ್ತಾಯಕ್ಕೆ, ಪಾಸ್ಖ ಹಬ್ಬದ ಮುನ್ನ ಎರಡೇ ವಾರಗಳಲ್ಲಿ ಮತ್ತಾಯರ ಶುಭಸಂದೇಶಕ್ಕೆ ವ್ಯಾಖ್ಯಾನ ಬರೆಸಿದರು. ಇದರಲ್ಲಿ ‘ಮಿಕ್ರೊತೆರೊಸ್’ ಪ್ರಶ್ನೆಗೆ ಅವರು ಬರುತ್ತಾರೆ. ಆ ಚಿಕ್ಕವನು ಯೇಸುಸ್ವಾಮಿಯೇ ಎಂದು ಅನೇಕರು ತಿಳಿಯುತ್ತಿದ್ದರು. ಅಂತಿಯೋಕ್ಯದಲ್ಲಿ ಸಂತ ಯೊವಾನ್ನ ಕ್ರಿಸೊಸ್ತೋಮರೂ ಹೀಗೆಯೇ ಪ್ರಬೋಧಿಸಿದ್ದರು. ಲೂಕರ ಶುಭಸಂದೇಶದ ಪ್ರಕಾರ ಯೇಸು ಯೊವಾನ್ನರಿಗಿಂತ ಆರು ತಿಂಗಳು ಚಿಕ್ಕವರು. ವಯಸ್ಸಿನಲ್ಲಿ ಚಿಕ್ಕವರಾದರೂ ಮಹಿಮೆಯಲ್ಲಿ ದೊಡ್ಡವರು. ಸ್ವರ್ಗದಲ್ಲಿ ಸೇವೆಮಾಡುವ ಕಡೆಯ ದೇವದೂತನೂ ಭೂಮಿಯ ಮೇಲಿನ ಮೊದಲ ಮನುಷ್ಯನಿಗಿಂತ ಮೇಲು ಎಂಬುದು ಇನ್ನು ಕೆಲವರ ಅಭಿಪ್ರಾಯ.

ಜೆರೋಮರು ಎರಡನ್ನೂ ಓದುಗರ ಮುಂದಿಟ್ಟು, ತಾವು ಸರಳವಾದ ಅರ್ಥವನ್ನು ಹಿಡಿಯುತ್ತಾರೆ. ಈಗಾಗಲೇ ದೇವರ ಬಳಿ ಇರುವ ಯಾವ ಸಂತನಾದರೂ, ಇನ್ನೂ ಯುದ್ಧರಂಗದಲ್ಲಿ ನಿಂತವನಿಗಿಂತ ದೊಡ್ಡವನು. ವಿಜಯದ ಕಿರೀಟ ಪಡೆಯುವುದು ಬೇರೆ, ಇನ್ನೂ ಹೋರಾಡುತ್ತಿರುವುದು ಬೇರೆ. ಅಂದು ಯೊವಾನ್ನರು ಇನ್ನೂ ಹೆರೋದನ ಸೆರೆಯಲ್ಲಿದ್ದರು, ಅವರ ಹೋರಾಟ ಮುಗಿದಿರಲಿಲ್ಲ. ಹಾಗೆ ನೋಡಿದರೆ ಪ್ರಭುವಿನ ಮಾತು ಯೊವಾನ್ನರನ್ನು ತಗ್ಗಿಸುವುದಿಲ್ಲ. ದೇವರ ಕೃಪೆ ಎಷ್ಟು ದೊಡ್ಡದೆಂದು ತೋರಿಸುತ್ತದೆ.

ಇಂದಿನ ಹೆಚ್ಚಿನ ಅನುವಾದಕರು ಈ ಪದವನ್ನು ಅತ್ಯಂತ ಚಿಕ್ಕವನು ಎಂಬ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೆ. ಕೊಯಿನೆ ಗ್ರೀಕಿನ ಬಳಕೆಗೆ ಅದು ಹೊಂದುತ್ತದೆ. ಹೊಸ ಒಡಂಬಡಿಕೆಯಲ್ಲಿ ‘ಮಿಕ್ರೊಸ್’ ಪದಕ್ಕೆ ಮೂರನೆಯ ಮೆಟ್ಟಿಲಾಗಿ ಬರುವುದು ‘ಎಲಾಖಿಸ್ತೊಸ್’ ಎಂಬ ಬೇರೆಯೇ ಪದ. ಸಂತ ಪೌಲರು ಪ್ರೇಷಿತರಲ್ಲಿ ತಾನು ಕನಿಷ್ಠನೆಂದು ಹೇಳಿಕೊಳ್ಳುವುದು ಈ ಪದದಿಂದ. ಎಫೆಸದವರಿಗೆ ಬರೆದ ಪತ್ರದಲ್ಲಿ ಅದೂ ಸಾಲದೆ, ಅದರ ಮೇಲೆ ‘ತೆರೊಸ್’ ಸೇರಿಸಿದ ರೂಪ ಬರುತ್ತದೆ. ಅಂದರೆ ಕನಿಷ್ಠನಿಗಿಂತಲೂ ಕನಿಷ್ಠ. ವ್ಯಾಕರಣ ಒಪ್ಪದ ಮೆಟ್ಟಿಲಿಗೆ ದೈನ್ಯ ಇಳಿದಿದೆ. ಲ್ಯಾಟಿನ್ ಬೈಬಲಿನಲ್ಲಿ ಅದು ಬರೇ ‘ಅತಿ ಚಿಕ್ಕವನು’ ಎಂದಾಯಿತು.

ಇಬ್ಬರು ಸಂತರ ನಡುವೆ

ಪದದ ಅರ್ಥ ತಿಳಿಯುವುದು ಒಂದು, ಅದರಂತೆ ಬಾಳುವುದು ಇನ್ನೊಂದು. ಜೆರೋಮರಿಗೆ ಚಿಕ್ಕವನಾಗುವುದು ಸುಲಭವಾಗಿರಲಿಲ್ಲ. ಯೌವನದ ಆಪ್ತಮಿತ್ರ ರುಫಿನುಸ್ ಜತೆ ಓರಿಗೆನರ ಬೋಧನೆಯ ವಿಷಯದಲ್ಲಿ ಜಗಳವಾಡಿದರು. ಆತ 411ರಲ್ಲಿ ತೀರಿಕೊಂಡ ಮೇಲೂ ಕಟುವಾಗಿ ಬರೆದರು. ಈ ದೋಷವನ್ನು ಧರ್ಮಸಭೆಯ ಇತಿಹಾಸ ಮರೆಮಾಚಿಲ್ಲ.

ಆಫ್ರಿಕದ ಹಿಪ್ಪೋ ನಗರದ ಸಂತ ಆಗುಸ್ತೀನರ ಜತೆಗೂ ಹೀಗೇ ಆಗಲಿತ್ತು. ಆಗುಸ್ತೀನರು ಜನಿಸಿದ್ದು 354ರಲ್ಲಿ. ವಯಸ್ಸಿನಲ್ಲಿ ಚಿಕ್ಕವರು, ಆದರೆ ಧರ್ಮಾಧ್ಯಕ್ಷರು. ಜೆರೋಮರು ಹಿರಿಯರು, ಆದರೆ ಬರೇ ಧರ್ಮಗುರು. ಗಲಾತ್ಯರಿಗೆ ಬರೆದ ಪತ್ರದ ಒಂದು ಭಾಗಕ್ಕೆ ಜೆರೋಮರು ಕೊಟ್ಟ ಅರ್ಥವನ್ನು ಪ್ರಶ್ನಿಸಿ ಆಗುಸ್ತೀನರು ಬರೆದ ಪತ್ರ ಜೆರೋಮರಿಗೆ ತಲಪುವ ಮೊದಲೇ ಇಟಲಿಯಲ್ಲಿ ಕೈಯಿಂದ ಕೈಗೆ ಹೋಯಿತು. ಕಿರಿಯನೊಬ್ಬ ತನ್ನನ್ನು ಕೆಡವಿ ಹೆಸರು ಗಳಿಸಲು ಹೊರಟಿದ್ದಾನೆಂದು ಜೆರೋಮರಿಗೆ ಅನಿಸಿತು. ದಣಿದ ಎತ್ತು ಇನ್ನೂ ಗಟ್ಟಿಯಾಗಿ ಕಾಲೂರುತ್ತದೆ ಎಂಬ ಗಾದೆಯನ್ನು ನೆನಪಿಸಿ ಎಚ್ಚರಿಸಿದರು. ಪ್ರವಾದಿ ಯೋನನಿಗೆ ನೆರಳು ಕೊಟ್ಟ ಗಿಡದ ಹೆಸರನ್ನು ಜೆರೋಮರು ಬದಲಿಸಿದ್ದರಿಂದ, ಇಂದಿನ ಟ್ರಿಪೋಲಿಯಾಗಿರುವ ಊರಿನ ದೇವಾಲಯದಲ್ಲಿ ಜನ ಗಲಾಟೆ ಎಬ್ಬಿಸಿದ್ದನ್ನೂ ಆಗುಸ್ತೀನರು ಅವರಿಗೆ ತಿಳಿಸಿದ್ದರು.

ಜಗಳವನ್ನು ನಿಲ್ಲಿಸಿದವರು ಆಗುಸ್ತೀನರು. ಸುಮಾರು 405ರಲ್ಲಿ ಬರೆದ ದೀರ್ಘ ಪತ್ರದಲ್ಲಿ ಅವರು ತಮ್ಮ ವಾದವನ್ನು ಬಿಟ್ಟುಕೊಡಲಿಲ್ಲ. ಆದರೆ ಧರ್ಮಸಭೆಯ ರೂಢಿಯಲ್ಲಿ ಧರ್ಮಾಧ್ಯಕ್ಷನ ಪದವಿ ಧರ್ಮಗುರುವಿನ ಪದವಿಗಿಂತ ದೊಡ್ಡದಾದರೂ, ಅನೇಕ ವಿಷಯಗಳಲ್ಲಿ ಆಗುಸ್ತೀನ ಜೆರೋಮರಿಗಿಂತ ಚಿಕ್ಕವನು ಎಂದು ಒಪ್ಪಿಕೊಂಡರು. ಅಲ್ಲಿ ಅವರು ಬಳಸಿದ ಪದಗಳು ‘ಮಾಯೊರ್’ ಮತ್ತು ‘ಮಿನೊರ್’. ಯೊವಾನ್ನರ ಪ್ರಸಂಗದಲ್ಲಿದ್ದ ಅದೇ ಎರಡು ಪದಗಳು. ದೊಡ್ಡವನು ತಾನಾಗಿ ಚಿಕ್ಕವನಾದ. ಆ ಬಳಿಕ ಇಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು.

ಲೇಖನಿ ಕೆಳಗಿಟ್ಟ ದಿನಗಳು

404ರಲ್ಲಿ ಪೌಲಾ ತೀರಿಕೊಂಡರು. ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ, ಮಗಳಿಗೆ ಅವರು ಬಿಟ್ಟುಹೋದದ್ದು ಸಾಲವನ್ನು. ಜೆರೋಮರಿಗೆ ಬಹುಕಾಲ ಬರೆಯಲಾಗಲಿಲ್ಲ. 410ರ ಆಗಸ್ಟಿನಲ್ಲಿ ಅಲಾರಿಕ್‌ನ ಸೈನ್ಯ ರೋಮನ್ನು ಲೂಟಿ ಮಾಡಿತು. ಅವರ ಹಳೆಯ ಶಿಷ್ಯೆ ಸಂತ ಮಾರ್ಸೆಲ್ಲಾ ಆ ಹಿಂಸೆಯಿಂದ ಸ್ವಲ್ಪ ದಿನಗಳಲ್ಲೇ ಅಸುನೀಗಿದರು. ಒಂದು ಕಾಲದ ಶ್ರೀಮಂತರು ನಿರಾಶ್ರಿತರಾಗಿ, ಉಡಲು ಉಣ್ಣಲು ಇಲ್ಲದೆ ಬೆತ್ಲೆಹೇಮಿಗೆ ಬಂದು ಸೇರಿದರು. ಆಗ ಜೆರೋಮರು ಪ್ರವಾದಿ ಯೆಜೆಕಿಯೇಲರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಿದ್ದರು. ಆ ಕೆಲಸವನ್ನೂ ಹೆಚ್ಚುಕಡಿಮೆ ಎಲ್ಲ ಅಧ್ಯಯನವನ್ನೂ ಬದಿಗಿಟ್ಟು, ಬಂದವರ ಕಣ್ಣೀರಿಗೆ ತಮ್ಮ ಕಣ್ಣೀರು ಸೇರಿಸಿ, ಶ್ರೀಗ್ರಂಥದ ಮಾತುಗಳನ್ನು ಕಾರ್ಯಕ್ಕಿಳಿಸಲು ಯತ್ನಿಸಿದುದಾಗಿ ಅದೇ ಗ್ರಂಥದಲ್ಲಿ ಬರೆದಿದ್ದಾರೆ. ಎಲ್ಲರಿಗಿಂತ ಹೆಚ್ಚು ಪಂಡಿತನಾಗಲು ಹೊರಟಿದ್ದ ಹುಡುಗ, ಅರುವತ್ತು ದಾಟಿದ ವಯಸ್ಸಿನಲ್ಲಿ ನಿರಾಶ್ರಿತರ ಸೇವಕನಾಗಿ ನಿಂತಿದ್ದ.

416ರಲ್ಲಿ ದುಷ್ಕರ್ಮಿಗಳ ಗುಂಪೊಂದು ಬೆತ್ಲೆಹೇಮಿನ ಮಠಗಳಿಗೆ ಬೆಂಕಿಯಿಟ್ಟಿತು. ಕೆಲವು ವರ್ಷಗಳಲ್ಲಿ ಯೂಸ್ತೋಕಿಯುಮ್ ಕೂಡ ತೀರಿಕೊಂಡರು. 420ರ ಸೆಪ್ಟೆಂಬರ್ 30ರಂದು ಜೆರೋಮರು ಪ್ರಭುವಿನಲ್ಲಿ ನಿದ್ರಿಸಿದರು. ಬೆತ್ಲೆಹೇಮಿನಲ್ಲೇ ಅವರನ್ನು ಸಮಾಧಿ ಮಾಡಲಾಯಿತು.

1546ರಲ್ಲಿ ಟ್ರೆಂಟ್ ಮಹಾಸಭೆಯು ‘ವುಲ್ಗಾತ’ ಎಂದು ಹೆಸರಾದ ಲ್ಯಾಟಿನ್ ಬೈಬಲನ್ನು ಧರ್ಮಸಭೆಯ ಅಧಿಕೃತ ಲ್ಯಾಟಿನ್ ಪಾಠವೆಂದು ಸಾರಿತು. ಅದರ ಹೆಚ್ಚಿನ ಭಾಗ ಜೆರೋಮರ ಕೆಲಸ. ಅವರ ಮರಣದ 1500ನೇ ವರ್ಷವಾದ 1920ರಲ್ಲಿ ಪೋಪ್ 15ನೇ ಬೆನೆಡಿಕ್ಟರು, 1600ನೇ ವರ್ಷವಾದ 2020ರಲ್ಲಿ ಪೋಪ್ ಫ್ರಾನ್ಸಿಸರು ಅವರ ಸ್ಮರಣೆಯಲ್ಲಿ ಪತ್ರಗಳನ್ನು ಹೊರಡಿಸಿದರು.

ನಮ್ಮ ಧರ್ಮಕೇಂದ್ರಗಳಲ್ಲಿ ವಾಚನ ಓದುವವರು, ಮಕ್ಕಳಿಗೆ ಧರ್ಮೋಪದೇಶ ಹೇಳುವವರು, ಬೈಬಲ್ ಅಧ್ಯಯನ ನಡೆಸುವವರು ಸಂತ ಜೆರೋಮರಿಂದ ಎರಡು ಪಾಠ ಕಲಿಯಬಹುದು. ಒಂದು, ದೇವರ ವಾಕ್ಯದಲ್ಲಿ ಯಾವ ಪದವೂ ಅವಸರದಲ್ಲಿ ದಾಟಿಹೋಗುವಷ್ಟು ಸಣ್ಣದಲ್ಲ. ಹಿಂದಿನ ದಿನವೇ ಪಾಠವನ್ನು ಓದಿ, ಅರ್ಥ ತಿಳಿದು, ಆಮೇಲೆ ವಾಚನಪೀಠಕ್ಕೆ ಬರೋಣ. ಇನ್ನೊಂದು, ಪಾಲನಾ ಮಂಡಳಿಯಲ್ಲಾಗಲಿ ವಾಳೆಯಲ್ಲಾಗಲಿ ದೊಡ್ಡವರು ಯಾರು ಎಂಬ ಪ್ರಶ್ನೆ ಎದ್ದಾಗ, ಲೂಕರ 22ನೇ ಅಧ್ಯಾಯದ ಕೊನೆಯ ಭೋಜನದ ಪ್ರಸಂಗವನ್ನು ನೆನೆಯೋಣ. ಶಿಷ್ಯರು ಇದೇ ಪ್ರಶ್ನೆಗೆ ಜಗಳವಾಡಿದಾಗ, ದೊಡ್ಡವನು ಚಿಕ್ಕವನಂತೆ ಆಗಲಿ ಎಂಬುದೇ ಪ್ರಭು ಕೊಟ್ಟ ಉತ್ತರ. ಅದನ್ನು ಓದಲು ಗ್ರೀಕ್ ವ್ಯಾಕರಣ ಬೇಕಾಗಿಲ್ಲ. ಬಾಳಲು ಮಾತ್ರ ಸಂತ ಜೆರೋಮರಂಥ ಪಂಡಿತರಿಗೂ ಇಡೀ ಆಯುಷ್ಯ ಬೇಕಾಯಿತು.